ವರ್ಚುವಲ್ ಮಷೀನ್ ಏಳುತ್ತಿಲ್ಲವೇ? ಅಳಿಸುವ ಮೊದಲು ಎಲ್ಲಿ ನಿಂತಿದೆ ನೋಡಿ

ವರ್ಚುವಲ್ ಮಷೀನಿನಲ್ಲಿ (ವಿಎಂ), ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಕಂಪ್ಯೂಟರಿನಲ್ಲಿ, ಉಬುಂಟುವೋ ವಿಂಡೋಸೋ ಹಾಕಲು ಹೋಗಿ ಅದು ಅರ್ಧಕ್ಕೆ ನಿಂತಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ವಿಎಂ ಅಳಿಸುತ್ತಾರೆ, ಇನ್‌ಸ್ಟಾಲ್ ಡಿಸ್ಕಿನ ಪ್ರತಿಯಾದ ಐಎಸ್‌ಒ ಫೈಲನ್ನು ಮತ್ತೆ ಡೌನ್‌ಲೋಡಿಗೆ ಹಾಕುತ್ತಾರೆ, ಮೊದಲಿನಿಂದ ಶುರು ಮಾಡುತ್ತಾರೆ. ಮನೆಯಲ್ಲಿ ಒಳ್ಳೆಯ ಫೈಬರ್ ಇದ್ದವರಿಗೆ ಇದು ನಡೆದೀತು. ಈಗಿನ ಉಬುಂಟು ಡೆಸ್ಕ್‌ಟಾಪ್ ಐಎಸ್‌ಒ ಸುಮಾರು 6 ಜಿಬಿ ಇದೆ. ವಿಂಡೋಸ್ 11 ಕೂಡ 5 ಜಿಬಿಗಿಂತ ಜಾಸ್ತಿ. ದೇವಿಮನೆ ಘಟ್ಟದ ಆಚೀಚೆಯ ಹಳ್ಳಿಯಲ್ಲಿ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡು, ಸಿಗ್ನಲ್ ಸಿಗುವ ಮೂಲೆ ಹುಡುಕಿ ಕೂರುವ ವಿದ್ಯಾರ್ಥಿಗೆ ಅದು ನಾಲ್ಕು ದಿನದ ಡೇಟಾ. ಅಷ್ಟು ಮಾಡಿದ ಮೇಲೂ ಅದೇ ಎರರ್ ಬಂದರೆ? ಹೆಚ್ಚಾಗಿ ಬರುವುದು ಅದೇ ಎರರ್. ಯಾಕೆಂದರೆ ತೊಂದರೆ ಐಎಸ್‌ಒದಲ್ಲಿ ಇರಲೇ ಇಲ್ಲ.

ನಾನು ಶಿರಸಿ ಸುತ್ತಮುತ್ತ ಕಂಪ್ಯೂಟರ್ ರಿಪೇರಿ ಕೆಲಸ ಮಾಡುತ್ತೇನೆ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಹುಡುಗರಿಗೆ ಫೋನಿನಲ್ಲೇ ದಾರಿ ಹೇಳುವುದೂ ಉಂಟು. ಇಂಜಿನಿಯರಿಂಗ್, ಡಿಪ್ಲೊಮಾ, ಬಿಸಿಎ ಓದುವವರಿಗೆ ಲ್ಯಾಬಿಗೆ ಲಿನಕ್ಸ್ ಬೇಕು. ಮನೆಯಲ್ಲಿ ಇರುವುದು ಅಣ್ಣನದ್ದೋ ಅಕ್ಕನದ್ದೋ ವಿಂಡೋಸ್ ಲ್ಯಾಪ್‌ಟಾಪ್. ಹಾಗಾಗಿ ವಿಎಂ ಮಾಡಿಕೊಡುವ ವರ್ಚುವಲ್‌ಬಾಕ್ಸ್ ಪ್ರೋಗ್ರಾಂ. ಇವರಿಗೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಎಲ್ಲಿಯವರೆಗೆ ಹೋಗಿ ನಿಂತಿತು?

ತೋಟದ ಪಂಪ್ ನೀರೆತ್ತದಿದ್ದರೆ ನಾವು ಸೀದಾ ಮೋಟಾರ್ ಬಿಚ್ಚುವುದಿಲ್ಲ ಅಲ್ವಾ? ಕರೆಂಟ್ ಬಂದಿದೆಯಾ, ಸ್ಟಾರ್ಟರ್ ಹಿಡಿಯಿತಾ, ಫುಟ್‌ವಾಲ್ವ್ ಕಚ್ಚಿದೆಯಾ ಅಂತ ಸಾಲಾಗಿ ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ವಿಎಂ ಎದ್ದೇಳುವಾಗ ಮೊದಲು ಹೋಸ್ಟ್, ಅಂದರೆ ವಿಎಂ ಓಡಿಸುವ ನಿಜವಾದ ಕಂಪ್ಯೂಟರಿನ ಪ್ರೊಸೆಸರ್ ಒಪ್ಪಬೇಕು. ಆಮೇಲೆ ವಿಎಂ ಒಳಗಿನ ಬಯೋಸ್ ಅಥವಾ ಅದರ ಹೊಸ ರೂಪವಾದ ಇಎಫ್‌ಐ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಏಳಬೇಕು. ಅದು ಬೂಟ್ ಆಗುವ ಡಿಸ್ಕ್ ಹುಡುಕಬೇಕು. ಆ ಡಿಸ್ಕಿನಲ್ಲಿರುವ ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಂ ಕರ್ನಲ್ಲನ್ನು, ಅಂದರೆ ಸಿಸ್ಟಮ್ಮಿನ ತಿರುಳನ್ನು, ಎತ್ತಬೇಕು. ಕರ್ನಲ್ ತನ್ನ ಫೈಲ್ ಸಿಸ್ಟಮ್ ತೆರೆಯಬೇಕು. ಪ್ರತಿ ಹಂತಕ್ಕೂ ಅದರದ್ದೇ ಎರರ್ ಇದೆ. ಸ್ಕ್ರೀನಿನ ಮೇಲೆ ಬಂದ ಸಾಲನ್ನು ಪೂರ್ತಿ ಓದಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಸೂಚನೆ. ಕಮಾಂಡುಗಳನ್ನೂ ಎರರ್‌ಗಳನ್ನೂ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಕಮಾಂಡ್ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಉದಾಹರಣೆಗಳೆಲ್ಲ ವರ್ಚುವಲ್‌ಬಾಕ್ಸಿನವು, ಯಾಕೆಂದರೆ ಇಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಅದೇ. ವಿಎಂವೇರ್ ಇದ್ದರೂ ನೋಡುವ ಕ್ರಮ ಬದಲಾಗುವುದಿಲ್ಲ.

ಸ್ಟಾರ್ಟ್ ಒತ್ತಿದ ಕೂಡಲೇ ಎರರ್ ಬಂದರೆ

ವಿಎಂ ಕಿಟಕಿ ತೆರೆಯುವ ಮೊದಲೇ ಎರರ್ ಪೆಟ್ಟಿಗೆ ಬಂತು ಅಂದರೆ ಐಎಸ್‌ಒಗೂ ಇದಕ್ಕೂ ಸಂಬಂಧವೇ ಇಲ್ಲ. ಅದನ್ನು ಯಾರೂ ಇನ್ನೂ ಓದಿಯೇ ಇಲ್ಲ. ನೋಡಬೇಕಾದದ್ದು ಹೋಸ್ಟ್ ಕಂಪ್ಯೂಟರನ್ನು.

ಎರರ್‌ನಲ್ಲಿ ವಿಟಿ-ಎಕ್ಸ್, ವಿಎಂಎಕ್ಸ್, ಎಎಂಡಿ-ವಿ, ಎಸ್‌ವಿಎಂ ಎಂಬ ಅಕ್ಷರ ಕಂಡರೆ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯ ಸಿಕ್ಕಿಲ್ಲ ಅಂತ ಅರ್ಥ. ಇನ್ನೊಂದು ಗುರುತು ಇದೆ. ಹೊಸ ವಿಎಂ ಮಾಡುವಾಗ ಪಟ್ಟಿಯಲ್ಲಿ 32-ಬಿಟ್ ಉಬುಂಟು, 32-ಬಿಟ್ ವಿಂಡೋಸ್ ಮಾತ್ರ ಕಂಡು, 64-ಬಿಟ್ ಹೆಸರೇ ಇಲ್ಲದಿದ್ದರೆ ಅದೂ ಇದೇ ತೊಂದರೆ.

ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು. ಕೆಳಗೆ ವರ್ಚುವಲೈಸೇಶನ್ ಎಂಬ ಸಾಲು ಇರುತ್ತದೆ. ಡಿಸೇಬಲ್ಡ್ ಅಂತಿದ್ದರೆ ಕಂಪ್ಯೂಟರಿನ ನಿಜವಾದ ಬಯೋಸಿಗೆ ಹೋಗಬೇಕು. ಡೆಲ್, ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2, ಏಸಸ್‌ನಲ್ಲಿ ಎಫ್2 ಅಥವಾ ಡಿಲೀಟ್. ಇಂಟೆಲ್ ಯಂತ್ರದಲ್ಲಿ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ ಅಂತ ಇರುತ್ತದೆ. ಎಎಂಡಿ ಯಂತ್ರದಲ್ಲಿ ಎಸ್‌ವಿಎಂ ಮೋಡ್. ಆನ್ ಮಾಡಿ, ಸೇವ್ ಮಾಡಿ, ಯಂತ್ರವನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಆಮೇಲೆ ಆನ್ ಮಾಡಿ. ಕೆಲವು ಯಂತ್ರಗಳಲ್ಲಿ ಬರೀ ರೀಸ್ಟಾರ್ಟಿಗೆ ಈ ಬದಲಾವಣೆ ಹಿಡಿಯುವುದಿಲ್ಲ.

ಬಯೋಸಿಗೆ ಕೈ ಹಾಕುವ ಮೊದಲು ಒಂದು ಮಾತು. ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದ್ದರೆ, ಬಯೋಸ್ ಬದಲಾವಣೆಯ ನಂತರ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಅಣ್ಣನ ಲ್ಯಾಪ್‌ಟಾಪ್ ಆದರೆ ಅಣ್ಣನ ಅಕೌಂಟಿನಲ್ಲಿ. ಅವನಿಗೆ ಮೊದಲೇ ಫೋನ್ ಮಾಡಿ ಕೀ ಬರೆದಿಟ್ಟುಕೊಳ್ಳಿ.

ಹಳೆಯ ಡೆಸ್ಕ್‌ಟಾಪಿನಲ್ಲಿ ಇನ್ನೊಂದು ಆಗುತ್ತದೆ. ಇವತ್ತು ವರ್ಚುವಲೈಸೇಶನ್ ಆನ್ ಮಾಡಿರುತ್ತೀರಿ, ವಿಎಂ ಓಡಿರುತ್ತದೆ. ರಾತ್ರಿ ಮೇನ್ ಸ್ವಿಚ್ ತೆಗೆದಿರುತ್ತೀರಿ. ಮರುದಿನ ಮತ್ತೆ ಅದೇ ಎರರ್. ಜೊತೆಗೆ ಕಂಪ್ಯೂಟರಿನ ತಾರೀಖೂ ಹಿಂದಕ್ಕೆ ಹೋಗಿದ್ದರೆ ಸಂಶಯವೇ ಬೇಡ, ಮದರ್‌ಬೋರ್ಡಿನ ಸಿಆರ್2032 ನಾಣ್ಯದ ಸೆಲ್ ಮುಗಿದಿದೆ. ಬಯೋಸ್ ತನ್ನ ಹಳೆಯ ಸೆಟ್ಟಿಂಗಿಗೆ ಮರಳುತ್ತಿದೆ. ವರ್ಚುವಲ್‌ಬಾಕ್ಸನ್ನು ಎಷ್ಟು ಸಲ ತೆಗೆದು ಹಾಕಿದರೂ ಇದು ಸರಿಯಾಗುವುದಿಲ್ಲ. ಸೆಲ್ ಬದಲಿಸಿದರೆ ಆಯಿತು.

ಈಗ ಹೊಸ ಲ್ಯಾಪ್‌ಟಾಪುಗಳ ವಿಷಯ. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ನನಗೆ ಬರುವ ಫೋನುಗಳಲ್ಲಿ ದೊಡ್ಡ ಪಾಲು ಇದೇ. ಟಾಸ್ಕ್ ಮ್ಯಾನೇಜರ್ ಎನೇಬಲ್ಡ್ ಅನ್ನುತ್ತದೆ. ಬಯೋಸಿನಲ್ಲೂ ಎಲ್ಲ ಸರಿ. ಆದರೂ ಇನ್‌ಸ್ಟಾಲರ್ ತೆವಳುತ್ತದೆ, ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುತ್ತದೆ, ಕೆಲವೊಮ್ಮೆ ಕರ್ನಲ್ ಪ್ಯಾನಿಕ್ ಆಗಿ ಬೀಳುತ್ತದೆ. ವಿಎಂ ಕಿಟಕಿಯ ಕೆಳಗಡೆ ಬಲಮೂಲೆಯ ಸಣ್ಣ ಚಿತ್ರಗಳ ಸಾಲು ನೋಡಿ. ಅಲ್ಲಿ ಹಸಿರು ಆಮೆ ಕಂಡರೆ ಕಾರಣ ಸಿಕ್ಕಿತು. ವಿಂಡೋಸ್ ತಾನೇ ಹೈಪರ್-ವಿ ಎಂಬ ತನ್ನ ಹೈಪರ್‌ವೈಸರನ್ನು (ವಿಎಂಗಳನ್ನು ಓಡಿಸುವ ಪದರ) ಓಡಿಸುತ್ತಿದೆ. ಪ್ರೊಸೆಸರಿನ ಸೌಲಭ್ಯ ಅದರ ಕೈಯಲ್ಲಿದೆ. ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿಬಳಸಿ ಕೆಲಸ ಮಾಡುತ್ತಿದೆ. ಲಾಗ್ ಫೈಲಿನಲ್ಲಿಯೂ ಸ್ನೇಲ್ ಎಕ್ಸಿಕ್ಯೂಶನ್ ಮೋಡ್ ಅಂತ ಬರೆದಿರುತ್ತದೆ.

ಹೈಪರ್-ವಿ ನಾವು ಹಾಕದಿದ್ದರೂ ಇರಬಹುದು. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬಳಸಿದರೆ ಅದು ಬರುತ್ತದೆ. ವಿಂಡೋಸ್ ಸ್ಯಾಂಡ್‌ಬಾಕ್ಸ್ ಆನ್ ಮಾಡಿದರೆ ಬರುತ್ತದೆ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ಒಳಗಿರುವ ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೂ ಸಾಕು. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಹೆಚ್ಚಾಗಿ ಅದು ಮೊದಲೇ ಆನ್ ಆಗಿ ಬಂದಿರುತ್ತದೆ.

ಆಫ್ ಮಾಡುವ ದಾರಿ ಹೀಗಿದೆ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಮೂರರ ಟಿಕ್ ತೆಗೆಯಿರಿ. ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ಆಮೆ ಇನ್ನೂ ಹೋಗದಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಬಿಸಿಡಿಎಡಿಟ್ /ಸೆಟ್ ಹೈಪರ್‌ವೈಸರ್‌ಲಾಂಚ್‌ಟೈಪ್ ಆಫ್ ಅಂತ ಕೊಟ್ಟು ಮತ್ತೆ ರೀಸ್ಟಾರ್ಟ್ ಮಾಡಿ. ಕೊನೆಯ ಪದ ಆಟೋ ಅಂತ ಬದಲಿಸಿ ಅದೇ ಕಮಾಂಡ್ ಕೊಟ್ಟರೆ ಮೊದಲಿನ ಹಾಗೆ ಆಗುತ್ತದೆ.

ಆದರೆ ಸುಮ್ನೆ ಎಲ್ಲವನ್ನೂ ಆಫ್ ಮಾಡಿ ಅಂತ ನಾನು ಹೇಳುವುದಿಲ್ಲ. ಮೆಮೊರಿ ಇಂಟೆಗ್ರಿಟಿ ಕೆಟ್ಟ ಡ್ರೈವರ್‌ಗಳನ್ನು ತಡೆಯುವ ಕಾವಲು. ಮನೆಯವರೆಲ್ಲ ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ಕೆಲಸ ಮಾಡುತ್ತಿದ್ದರೆ ಅದು ಇರಲಿ. ವಿಎಂ ನಿಧಾನವಾದರೂ ಲ್ಯಾಬ್ ಪ್ರೋಗ್ರಾಂ ಓಡಿಸುವಷ್ಟು ನಡೆದರೆ ಹಾಗೇ ಬಿಡಿ. ಬೇಕಿರುವುದು ಬರೀ ಸಿ ಪ್ರೋಗ್ರಾಂ ಮತ್ತು ಶೆಲ್ ಸ್ಕ್ರಿಪ್ಟ್ ಆದರೆ ವಿಎಂ ಬದಲು ಡಬ್ಲ್ಯುಎಸ್‌ಎಲ್ ಸಾಕಾಗುತ್ತದೆ.

ಹೋಸ್ಟೇ ಲಿನಕ್ಸ್ ಆಗಿದ್ದರೆ ಎರಡು ಕಾರಣ ನೋಡಿ. ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್, ಜೊತೆಗೆ ಮೈನಸ್ 1908 ಎಂಬ ಸಂಖ್ಯೆ ಬಂದರೆ ವರ್ಚುವಲ್‌ಬಾಕ್ಸಿನ ಮಾಡ್ಯೂಲ್ ಲೋಡ್ ಆಗಿಲ್ಲ. ಹೊಸ ಕರ್ನಲ್ ಬಂದಾಗ ಅದರ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಹೀಗಾಗುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದು ಮಾಡ್ಯೂಲಿಗೆ ಸಹಿ ಇಲ್ಲದಿದ್ದರೂ ಆಗುತ್ತದೆ. ಎರಡನೆಯದು ಕರ್ನಲ್ 6.12ರಿಂದ ಶುರುವಾದ ತಿಕ್ಕಾಟ. ಲಿನಕ್ಸಿನದ್ದೇ ಹೈಪರ್‌ವೈಸರ್ ಆದ ಕೆವಿಎಂ ಬೂಟಿನಲ್ಲೇ ಪ್ರೊಸೆಸರ್ ಸೌಲಭ್ಯವನ್ನು ಹಿಡಿದುಕೊಳ್ಳುತ್ತದೆ. ವಿಎಂಎಕ್ಸ್ ರೂಟ್ ಮೋಡ್ ಎಂಬ ಎರರ್ ಬರುತ್ತದೆ. ಸುಡೋ ಮಾಡ್‌ಪ್ರೋಬ್ -ಆರ್ ಕೆವಿಎಂ_ಇಂಟೆಲ್ ಕೊಟ್ಟರೆ ಆ ಹೊತ್ತಿಗೆ ಬಿಡುತ್ತದೆ. ಎಎಂಡಿ ಆದರೆ ಕೊನೆಗೆ ಇಂಟೆಲ್ ಬದಲು ಎಎಂಡಿ.

ಕಿಟಕಿ ತೆರೆಯಿತು, ಬೂಟ್ ಮಾಡಲು ಏನೂ ಸಿಗಲಿಲ್ಲ

ನೋ ಬೂಟೆಬಲ್ ಮೀಡಿಯಮ್ ಫೌಂಡ್. ಈ ಎರರ್ ಒಳ್ಳೆಯ ಸುದ್ದಿ. ಪ್ರೊಸೆಸರ್ ಸರಿ ಇದೆ, ಬಯೋಸ್ ಎದ್ದಿದೆ, ಓದಲು ಡಿಸ್ಕ್ ಮಾತ್ರ ಸಿಕ್ಕಿಲ್ಲ.

ಸೆಟ್ಟಿಂಗ್ಸ್, ಸ್ಟೋರೇಜ್ ತೆರೆಯಿರಿ. ಡಿವಿಡಿ ಚಿತ್ರದ ಎದುರು ಎಂಪ್ಟಿ ಅಂತಿದ್ದರೆ ಐಎಸ್‌ಒ ಕೊಟ್ಟೇ ಇಲ್ಲ. ಹೆಸರು ಇದ್ದು ಎಚ್ಚರಿಕೆಯ ಗುರುತು ಇದ್ದರೆ ಫೈಲನ್ನು ಡೌನ್‌ಲೋಡ್ಸ್ ಫೋಲ್ಡರಿನಿಂದ ಬೇರೆ ಕಡೆ ಸರಿಸಿದ್ದೀರಿ. ಎರಡೂ ಅಲ್ಲದಿದ್ದರೆ ಫೈಲ್ ಸರಿ ಇದೆಯಾ ನೋಡಬೇಕು.

ನೆಟ್ ಬಿಟ್ಟು ಬಿಟ್ಟು ಬರುವ ನಮ್ಮ ಊರುಗಳಲ್ಲಿ ಇದನ್ನು ಹಾರಿಸುವ ಹಾಗಿಲ್ಲ. ಡೌನ್‌ಲೋಡ್ ಮುಗಿಯಿತು ಅಂತ ಬ್ರೌಸರ್ ತೋರಿಸಿದರೂ ಫೈಲ್ ಪೂರ್ತಿ ಬಂದಿರದೆ ಇರಬಹುದು. ಸ್ನೇಹಿತರ ಪೆನ್‌ಡ್ರೈವಿನಿಂದ ತಂದದ್ದಾದರೆ ಕಾಪಿ ಆಗುವಾಗ ಕೆಟ್ಟಿರಬಹುದು. ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್, ಫೈಲಿನ ಹೆಸರು, ಎಸ್‌ಎಚ್‌ಎ256 ಅಂತ ಕೊಡಿ. ಲಿನಕ್ಸಿನಲ್ಲಾದರೆ ಎಸ್‌ಎಚ್‌ಎ256ಸಮ್. ಫೈಲಿನ ಬೆರಳಚ್ಚಿನಂಥ 64 ಅಕ್ಷರದ ಉದ್ದದ ಸಾಲು ಬರುತ್ತದೆ. ಉಬುಂಟು, ಡೆಬಿಯನ್ ತಾಣಗಳಲ್ಲಿ ಕೊಟ್ಟಿರುವ ಸಾಲಿಗೆ ಅದನ್ನು ಹೋಲಿಸಿ. ಒಂದು ಅಕ್ಷರ ಬೇರೆಯಾದರೂ ಆ ಫೈಲ್ ಬಳಸಬೇಡಿ. ಸಾಲು ಸರಿ ಹೊಂದಿದರೆ ಮಾತ್ರ ಐಎಸ್‌ಒ ಮೇಲಿನ ಅನುಮಾನ ಪೂರ್ತಿ ಬಿಡಿ. ಮತ್ತೆ ಡೌನ್‌ಲೋಡ್ ಮಾಡುವ ಪ್ರಶ್ನೆಯೇ ಬರುವುದಿಲ್ಲ. ನಾಲ್ಕು ದಿನದ ಡೇಟಾ ಉಳಿಯುವುದು ಇಲ್ಲಿ.

ಹೆಸರಿನಲ್ಲಿ ಎಆರ್‌ಎಂ64 ಅಂತ ಇರುವ ಐಎಸ್‌ಒ ಇಂಟೆಲ್, ಎಎಂಡಿ ಯಂತ್ರದಲ್ಲಿ ಬೂಟ್ ಆಗುವುದಿಲ್ಲ. ಆಪಲ್ ಎಂ ಸರಣಿಯ ಮ್ಯಾಕ್ ಇದ್ದವರಿಗೆ ಅದೇ ಬೇಕು. ಇಂಟೆಲ್, ಎಎಂಡಿ ಯಂತ್ರದವರಿಗೆ ಎಎಂಡಿ64. ಇಂಟೆಲ್ ಪ್ರೊಸೆಸರಿಗೂ ಎಎಂಡಿ64 ಫೈಲೇ ಸರಿ. ಹೆಸರು ನೋಡಿ ಗಾಬರಿ ಬೇಡ.

ಕಪ್ಪು ತೆರೆಯ ಮೇಲೆ ಹಳದಿ ಅಕ್ಷರದಲ್ಲಿ ಶೆಲ್ ಎಂಬ ಪ್ರಾಂಪ್ಟ್ ಬಂದು ನಿಂತರೆ ಅದು ಯುಇಎಫ್‌ಐ ಶೆಲ್. ಇಎಫ್‌ಐ ಎದ್ದಿದೆ, ತನಗೆ ಬೇಕಾದ ಬೂಟ್ ಫೈಲ್ ಸಿಕ್ಕಿಲ್ಲ. ಹಳೆಯ ಐಎಸ್‌ಒ ಆದರೆ ಸಿಸ್ಟಮ್ ಸೆಟ್ಟಿಂಗಿನಲ್ಲಿ ಎನೇಬಲ್ ಇಎಫ್‌ಐ ಟಿಕ್ ತೆಗೆದು ನೋಡಿ. ಆದರೆ ಒಂದು ನಿಯಮ ನೆನಪಿರಲಿ. ಇಎಫ್‌ಐ ಆನ್ ಇಟ್ಟು ಹಾಕಿದ ಸಿಸ್ಟಮ್ ಇಎಫ್‌ಐ ಆನ್ ಇದ್ದಾಗಲೇ ಏಳಬೇಕು. ಆಫ್ ಇಟ್ಟು ಹಾಕಿದ್ದು ಆಫ್ ಇದ್ದಾಗಲೇ. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಈ ಟಿಕ್ ಮುಟ್ಟಬಾರದು.

ವಿಂಡೋಸ್ ಐಎಸ್‌ಒದಲ್ಲಿ ಇನ್ನೂ ಒಂದಿದೆ. ಪ್ರೆಸ್ ಎನಿ ಕೀ ಅಂತ ಕೆಲವೇ ಸೆಕೆಂಡ್ ಬರುತ್ತದೆ. ಆಗ ಕೀ ಒತ್ತದಿದ್ದರೆ ಅದು ಡಿವಿಡಿ ಬಿಟ್ಟು ಮುಂದೆ ಹೋಗಿ ಶೆಲ್ಲಿಗೆ ಬೀಳುತ್ತದೆ. ವಿಎಂ ಸ್ಟಾರ್ಟ್ ಆದ ಕೂಡಲೇ ಕಿಟಕಿಯೊಳಗೆ ಒಮ್ಮೆ ಕ್ಲಿಕ್ ಮಾಡಿ, ಸ್ಪೇಸ್ ಒತ್ತುತ್ತಾ ಇರಿ. ಮೌಸ್ ಒಳಗೆ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿದರೆ ಹೊರಗೆ ಬರುತ್ತದೆ.

ಇನ್‌ಸ್ಟಾಲರ್ ಶುರುವಾಗಿ ನಡುವೆ ನಿಂತರೆ

ಮೊದಲು ರ್‍ಯಾಮ್ ನೋಡಿ. ಈಗಿನ ಉಬುಂಟು ಡೆಸ್ಕ್‌ಟಾಪಿಗೆ ಕನಿಷ್ಠ 4 ಜಿಬಿ ಕೊಡಬೇಕು. 1 ಜಿಬಿ ಕೊಟ್ಟರೆ ಇನ್‌ಸ್ಟಾಲರ್ ಮುಖ ತೋರಿಸಿ ಸಾಯುತ್ತದೆ. ಹಾಗಂತ 8 ಜಿಬಿ ಲ್ಯಾಪ್‌ಟಾಪಿನಲ್ಲಿ ವಿಎಂಗೆ 6 ಕೊಡಬೇಡಿ. ಹೋಸ್ಟ್ ಉಸಿರುಗಟ್ಟಿದರೆ ವಿಎಂ ಕೂಡ ನಿಲ್ಲುತ್ತದೆ. ಅರ್ಧಕ್ಕಿಂತ ಜಾಸ್ತಿ ಬೇಡ. ಇರುವುದೇ 4 ಜಿಬಿ ಆದರೆ ಲುಬುಂಟು ಅಥವಾ ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಹಾಕಿ. ಲ್ಯಾಬಿನ ಕೆಲಸಕ್ಕೆ ಅದು ಚೆನ್ನಾಗಿ ಸಾಕು.

ತೆರೆ ಪೂರ್ತಿ ಕಪ್ಪಾದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ವಿಡಿಯೋ ಮೆಮೊರಿ 128 ಎಂಬಿ ಮಾಡಿ, 3ಡಿ ಟಿಕ್ ತೆಗೆಯಿರಿ, ಲಿನಕ್ಸಿಗೆ ವಿಎಂಎಸ್‌ವಿಜಿಎ ಆರಿಸಿ. ಸಾಲದಿದ್ದರೆ ಗ್ರಬ್ (ಲಿನಕ್ಸಿನ ಬೂಟ್‌ಲೋಡರ್) ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಸೇರಿಸಿ, ಕಂಟ್ರೋಲ್ ಎಕ್ಸ್ ಒತ್ತಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದು ಸರಿ ಮಾಡಿತು ಅಂತ ತಿಳಿಯುವುದಿಲ್ಲ.

ಇನ್‌ಸ್ಟಾಲರಿನ ಕಿಟಕಿ ಸಣ್ಣದಾಗಿ, ಮುಂದೆ ಹೋಗುವ ಬಟನ್ ತೆರೆಯ ಕೆಳಗೆ ಅಡಗಿದ್ದರೆ ಅದು ದೋಷವಲ್ಲ. ಉಬುಂಟುವಿನಲ್ಲಿ ವಿಂಡೋಸ್ ಕೀ ಹಿಡಿದು ಮೌಸಿನಿಂದ ಕಿಟಕಿಯನ್ನು ಮೇಲಕ್ಕೆ ಎಳೆಯಿರಿ. ಇನ್‌ಸ್ಟಾಲರ್ ಹ್ಯಾಂಗ್ ಆಗಿದೆ ಅಂತ ಹೇಳುವ ಎಷ್ಟೋ ಜನರ ತೊಂದರೆ ಇಷ್ಟೇ ಆಗಿರುತ್ತದೆ.

ದಿಸ್ ಪಿಸಿ ಕಾಂಟ್ ರನ್ ವಿಂಡೋಸ್ 11 ಅಂತ ಬಂದರೆ ಅದು ಕೇಳುವುದನ್ನು ಕೊಡಿ. ಇಎಫ್‌ಐ, ಸೆಕ್ಯೂರ್ ಬೂಟ್, ಟಿಪಿಎಂ 2.0 (ಕೀಗಳನ್ನು ಕಾಯುವ ಭದ್ರತಾ ಚಿಪ್), ಎರಡು ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್. ವರ್ಚುವಲ್‌ಬಾಕ್ಸಿನಲ್ಲಿ ಟಿಪಿಎಂ ಬಂದದ್ದು 2022ರ 7.0 ಆವೃತ್ತಿಯಲ್ಲಿ. ಇನ್ನೂ 6.1 ಇಟ್ಟುಕೊಂಡಿದ್ದರೆ ಮೊದಲು ಅದನ್ನು ಬದಲಿಸಿ. ರಿಜಿಸ್ಟ್ರಿ ತಿದ್ದಿ ತಪಾಸಣೆ ಹಾರಿಸುವ ದಾರಿ ಇದೆ. ವಿಎಂನಲ್ಲಿ ಟಿಪಿಎಂ ಕೊಡಲು ಒಂದು ಟಿಕ್ ಸಾಕಾಗುವಾಗ ಆ ದಾರಿ ಯಾಕೆ?

ನಡುವೆ ವಿಎಂ ತಾನಾಗಿ ಪಾಸ್ ಆದರೆ ಹೋಸ್ಟಿನ ಡಿಸ್ಕ್ ನೋಡಿ. ಡೈನಾಮಿಕ್ ಡಿಸ್ಕ್ 50 ಜಿಬಿ ಅಂತ ಹೇಳಿದರೂ ಮೊದಲಿಗೆ ಅದು ಅಷ್ಟು ಜಾಗ ಹಿಡಿಯುವುದಿಲ್ಲ, ತುಂಬಿದ ಹಾಗೆ ಬೆಳೆಯುತ್ತದೆ. ಸಿ ಡ್ರೈವಿನಲ್ಲಿ ಯಕ್ಷಗಾನದ ವಿಡಿಯೋ, ಮದುವೆ ಫೋಟೋ ತುಂಬಿ 3 ಜಿಬಿ ಉಳಿದಿದ್ದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲಲೇಬೇಕು. ಜಾಗ ಮಾಡಿಕೊಟ್ಟು ರೆಸ್ಯೂಮ್ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ವಿಎಂ ಅಳಿಸುವ ಅಗತ್ಯ ಇಲ್ಲ.

ಇನ್‌ಸ್ಟಾಲ್ ಮುಗಿಯಿತು, ರೀಸ್ಟಾರ್ಟ್ ಆದ ಮೇಲೆ ಬರುತ್ತಿಲ್ಲ

ಮತ್ತೆ ಇನ್‌ಸ್ಟಾಲರೇ ಬಂದರೆ ಐಎಸ್‌ಒ ಇನ್ನೂ ಡ್ರೈವಿನಲ್ಲಿದೆ. ತೆಗೆಯಿರಿ. ಗ್ರಬ್ ರೆಸ್ಕ್ಯೂ ಅಂತ ಬಂದರೆ ಬೂಟ್‌ಲೋಡರಿಗೆ ತನ್ನ ಪಾರ್ಟಿಶನ್ ಸಿಗುತ್ತಿಲ್ಲ. ಪಾರ್ಟಿಶನ್ ತಿದ್ದಿದ ಮೇಲೆ ಇದು ಜಾಸ್ತಿ. ಉಬುಂಟು ಐಎಸ್‌ಒದಿಂದ ಲೈವ್ ಆಗಿ ಎದ್ದು ಬೂಟ್-ರಿಪೇರ್ ಎಂಬ ಪ್ರೋಗ್ರಾಂ ಹಾಕಿ ಓಡಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಶಿರಸಿ, ಕುಮಟಾದ ಡಿಟಿಪಿ ಅಂಗಡಿಗಳಿಗೆ ಬೇಕಾಗುವ ಮಾತು ಇದು. ಹಳೆಯ ಪೇಜ್‌ಮೇಕರ್ ಫೈಲುಗಳು, ನುಡಿ ಅಕ್ಷರದಲ್ಲಿ ಕೂರಿಸಿದ ಮದುವೆ ಕಾಗದಗಳು, ಯಕ್ಷಗಾನ ಆಟದ ಹ್ಯಾಂಡ್‌ಬಿಲ್‌ಗಳು ವರ್ಷಗಟ್ಟಲೆಯದು ಇರುತ್ತವೆ. ಅವುಗಳಿಗಾಗಿ ವಿಂಡೋಸ್ ಎಕ್ಸ್‌ಪಿಯನ್ನು ವಿಎಂನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಆದರೆ ಎಕ್ಸ್‌ಪಿಗೆ ಸಾಟಾ ಕಂಟ್ರೋಲರಿನ (ಡಿಸ್ಕ್ ಜೋಡಿಸುವ ಹೊಸ ರೀತಿ) ಡ್ರೈವರ್ ಗೊತ್ತಿಲ್ಲ. ಡಿಸ್ಕನ್ನು ಸಾಟಾಕ್ಕೆ ಸೇರಿಸಿದ್ದರೆ ಒಂದೋ ಹಾರ್ಡ್ ಡಿಸ್ಕೇ ಇಲ್ಲ ಅನ್ನುತ್ತದೆ, ಇಲ್ಲವೇ ನೀಲಿ ತೆರೆಯಲ್ಲಿ 7ಬಿ ಎಂಬ ಸಂಖ್ಯೆ ತೋರಿಸುತ್ತದೆ. ಡಿಸ್ಕನ್ನು ಹಳೆಯ ರೀತಿಯ ಐಡಿಇ ಕಂಟ್ರೋಲರಿಗೆ ಸೇರಿಸಿ, ಇಎಫ್‌ಐ ಆಫ್ ಇಡಿ. ನೆಟ್‌ವರ್ಕ್ ಕಾರ್ಡ್ ಜೋಡಿಸಲೇಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ. ಫೈಲ್ ಸಾಗಿಸಲು ಶೇರ್ಡ್ ಫೋಲ್ಡರ್ ಇದೆಯಲ್ಲ, ಅದು ಸಾಕು.

ಇದೇ 7ಬಿ ಹೊಸ ವಿಂಡೋಸಿನಲ್ಲೂ ಬರುತ್ತದೆ. ಅಲ್ಲಿ ಇನ್‌ಎಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಇರುತ್ತದೆ. ಗೆಳೆಯನ ವಿಡಿಐ ಫೈಲ್ (ವಿಎಂನ ಡಿಸ್ಕ್) ತಂದು, ಅವನಲ್ಲಿ ಬೇರೆ ಕಂಟ್ರೋಲರ್ ಇದ್ದದ್ದನ್ನು ಗಮನಿಸದೆ ಜೋಡಿಸಿದಾಗ ಹೀಗಾಗುತ್ತದೆ. ಮೂಲ ವಿಎಂನಲ್ಲಿ ಯಾವ ಕಂಟ್ರೋಲರ್, ಇಎಫ್‌ಐ ಆನ್ ಇತ್ತೇ, ಎರಡನ್ನೂ ಕೇಳಿಕೊಳ್ಳಿ. ಫ್ಯಾಟ್32 ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಒಂದೇ ಯಂತ್ರದಲ್ಲಿ ವಿಡಿಐಯನ್ನು ಕಾಪಿ ಮಾಡಿ ಎರಡನೆಯದಾಗಿ ಸೇರಿಸಿದರೆ ಯುಯುಐಡಿ ಆಲ್ರೆಡಿ ಎಕ್ಸಿಸ್ಟ್ಸ್ ಅನ್ನುತ್ತದೆ. ಕಾಪಿ ಬದಲು ಕ್ಲೋನ್ ಬಳಸಿದರೆ ಈ ತಾಪತ್ರಯ ಇಲ್ಲ.

ನಿನ್ನೆಯವರೆಗೆ ಓಡುತ್ತಿತ್ತು, ಕರೆಂಟ್ ಹೋದ ಮೇಲೆ ಏಳುತ್ತಿಲ್ಲ

"ಎಲ್ಲ ಸರಿ ಇತ್ತು ಮಾರಾಯಾ, ರಾತ್ರಿ ಕರೆಂಟ್ ಹೋಯ್ತು, ಬೆಳಿಗ್ಗೆಯಿಂದ ಏಳ್ತಾ ಇಲ್ಲ." ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾನು ಕೇಳುವ ಮಾತು ಇದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಕರಾವಳಿಯ ಗಾಳಿಮಳೆಯೂ ಕಡಿಮೆಯಲ್ಲ. ವಿಎಂ ಬರೆಯುತ್ತಿರುವಾಗ ಹೋಸ್ಟ್ ಸತ್ತರೆ ಎರಡು ಫೈಲ್ ಸಿಸ್ಟಮ್‌ಗೆ ಪೆಟ್ಟು ಬೀಳಬಹುದು, ಹೋಸ್ಟಿನದ್ದು ಮತ್ತು ಅದರೊಳಗಿನ ವಿಎಂನದ್ದು. ಸರಿ ಮಾಡುವಾಗ ಈ ಕ್ರಮ ತಪ್ಪಬಾರದು: ಮೊದಲು ಹೊರಗಿನದ್ದು, ಆಮೇಲೆ ಒಳಗಿನದ್ದು.

ಹೋಸ್ಟಿನ ಡಿಸ್ಕಿಗೆ ಚೆಕ್‌ಡಿಸ್ಕ್ (ಟೈಪ್ ಮಾಡುವಾಗ chkdsk) ಓಡಿಸಿ. ಆಮೇಲೆ ವಿಎಂ ಫೋಲ್ಡರನ್ನು ಹಾಗೇ ಪೂರ್ತಿ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಕೆಟ್ಟ ಫೈಲಾದರೂ ಕಾಪಿ ಬೇಕು. ರಿಪೇರಿ ಮಾಡುವ ಪ್ರೋಗ್ರಾಂ ಕೆಲವೊಮ್ಮೆ ಇನ್ನಷ್ಟು ಕಳೆಯುತ್ತದೆ, ಆಗ ಹಿಂದೆ ಬರಲು ದಾರಿ ಇರಬೇಕು.

ಈಗ ವರ್ಚುವಲ್‌ಬಾಕ್ಸಿನ ಪಟ್ಟಿ ನೋಡಿ. ಅಬಾರ್ಟೆಡ್ ಅಂತಿದ್ದರೆ ಚಿಂತೆ ಇಲ್ಲ, ಸರಿಯಾಗಿ ಮುಚ್ಚಿಲ್ಲ ಅಂತಷ್ಟೇ. ಇನ್‌ಎಕ್ಸೆಸಿಬಲ್ ಅಂತಿದ್ದರೆ ವಿಎಂನ ಸೆಟ್ಟಿಂಗ್ ಇರುವ .ವಿಬಾಕ್ಸ್ ಫೈಲ್ ಕೆಟ್ಟಿದೆ. ತೆರೆದು ನೋಡಿದರೆ ಖಾಲಿ ಇರುವುದೂ ಉಂಟು. ಡಿಸ್ಕೇ ಹೋಯಿತು ಅಂತ ಅಂದುಕೊಳ್ಳಬೇಡಿ. ಅದೇ ಫೋಲ್ಡರಿನಲ್ಲಿ .ವಿಬಾಕ್ಸ್-ಪ್ರೆವ್ ಎಂಬ ಹಿಂದಿನ ಪ್ರತಿ ಇರುತ್ತದೆ. ಕೆಟ್ಟದ್ದನ್ನು ಬೇರೆ ಹೆಸರಿಗೆ ಬದಲಿಸಿ, ಇದರ ಕಾಪಿಗೆ .ವಿಬಾಕ್ಸ್ ಹೆಸರು ಕೊಡಿ. ಹೆಚ್ಚಾಗಿ ಅಷ್ಟಕ್ಕೇ ವಿಎಂ ಮರಳಿ ಬರುತ್ತದೆ. ಸೇವ್ಡ್ ಅಂತಿದ್ದು ತೆರೆಯುವಾಗ ಎರರ್ ಬಂದರೆ ಡಿಸ್ಕಾರ್ಡ್ ಸೇವ್ಡ್ ಸ್ಟೇಟ್ ಕೊಡಿ. ರ್‍ಯಾಮಿನಲ್ಲಿದ್ದ ತೆರೆದ ಕೆಲಸ ಹೋಗುತ್ತದೆ, ಡಿಸ್ಕಿನಲ್ಲಿರುವುದು ಉಳಿಯುತ್ತದೆ.

ಉಬುಂಟು ಇನಿಟ್‌ರ್‍ಯಾಮ್‌ಎಫ್‌ಎಸ್ ಎಂಬ ಪ್ರಾಂಪ್ಟಿನಲ್ಲಿ ನಿಂತರೆ ಎಕ್ಸಿಟ್ ಅಂತ ಟೈಪ್ ಮಾಡಿ. ಯಾವ ಪಾರ್ಟಿಶನ್ ಕೆಟ್ಟಿದೆ, ಎಫ್‌ಎಸ್‌ಸಿಕೆ ಓಡಿಸಿ ಅಂತ ಅದೇ ಹೇಳುತ್ತದೆ. ಎಫ್‌ಎಸ್‌ಸಿಕೆ -ವೈ ಕೊಟ್ಟು ಮುಂದೆ ಅದು ಹೇಳಿದ ಪಾರ್ಟಿಶನ್ ಹೆಸರು ಕೊಡಿ, ಉದಾಹರಣೆಗೆ /ಡೆವ್/ಎಸ್‌ಡಿಎ2. ಮುಗಿದ ಮೇಲೆ ರೀಬೂಟ್. ಬದಲಿಗೆ ಎಮರ್ಜೆನ್ಸಿ ಮೋಡ್ ಬಂದರೆ ಇಟಿಸಿ ಒಳಗಿನ ಎಫ್‌ಎಸ್‌ಟ್ಯಾಬ್ ಫೈಲ್ ನೋಡಿ. ಅಲ್ಲಿ ಬರೆದ ಎರಡನೇ ಡಿಸ್ಕ್ ಸಿಗದಿದ್ದರೆ ಸಿಸ್ಟಮ್ ಕಾದು ಕಾದು ನಿಂತುಬಿಡುತ್ತದೆ. ಆ ಸಾಲಿನ ಆಯ್ಕೆಗಳಲ್ಲಿ ನೋಫೇಲ್ ಸೇರಿಸಿದರೆ ಮುಂದೆ ಹೋಗುತ್ತದೆ. ವಿಂಡೋಸ್ ರಿಪೇರಿ ಮಾಡುತ್ತಾ ಸುತ್ತುತ್ತಿದ್ದರೆ ಐಎಸ್‌ಒದಿಂದ ಎದ್ದು, ರಿಪೇರ್ ಯುವರ್ ಕಂಪ್ಯೂಟರ್ ಒಳಗಿನ ಕಮಾಂಡ್ ಪ್ರಾಂಪ್ಟಿನಲ್ಲಿ ಚೆಕ್‌ಡಿಸ್ಕ್ ಓಡಿಸಿ. ಅಲ್ಲಿ ಸಿ ಡ್ರೈವಿನ ಹೆಸರು ಡಿ ಆಗಿರಬಹುದು, ಡಿರ್ ಕೊಟ್ಟು ನೋಡಿಕೊಳ್ಳಿ.

ಇಷ್ಟಾದರೂ ಬರದಿದ್ದರೆ ಲಾಗ್ ತೆರೆಯಿರಿ. ವಿಎಂ ಹೆಸರಿನ ಮೇಲೆ ರೈಟ್ ಕ್ಲಿಕ್, ಶೋ ಲಾಗ್. ಕೊನೆಯಲ್ಲಿ ಪುಟಗಟ್ಟಲೆ ಅಂಕಿಗಳಿರುತ್ತವೆ, ಅವನ್ನು ಬಿಟ್ಟು ವಿಇಆರ್‌ಆರ್ ಎಂಬ ಅಕ್ಷರ ಹುಡುಕಿ. ಮೊದಲು ಸಿಗುವ ಸಾಲುಗಳೇ ಮುಖ್ಯ. ಯಾರನ್ನಾದರೂ ಕೇಳುವುದಾದರೆ ಆ ಲಾಗ್ ಫೈಲ್, ಸ್ಕ್ರೀನಿನ ಪೂರ್ತಿ ಫೋಟೋ, ಕೊನೆಯದಾಗಿ ನೀವು ಬದಲಿಸಿದ್ದು ಏನು, ಈ ಮೂರನ್ನು ಕಳಿಸಿ. ಏಳ್ತಾ ಇಲ್ಲ ಅಂತ ಮಾತ್ರ ಬರೆದರೆ ಯಾರಿಗೂ ದಾರಿ ಹೇಳಲು ಆಗುವುದಿಲ್ಲ.

ಮಳೆಗಾಲ ಹಿಡಿಯುವ ಮೊದಲು ಮಾಡಿಡಬೇಕಾದದ್ದು ಸ್ವಲ್ಪ ಇದೆ. ಸ್ಟೋರೇಜ್ ಸೆಟ್ಟಿಂಗಿನಲ್ಲಿ ಯೂಸ್ ಹೋಸ್ಟ್ ಐಒ ಕ್ಯಾಶ್ ಟಿಕ್ ಇದ್ದರೆ ತೆಗೆಯಿರಿ. ಅದು ಇದ್ದಾಗ ವಿಎಂ ಬರೆದದ್ದು ಸ್ವಲ್ಪ ಹೊತ್ತು ಹೋಸ್ಟಿನ ರ್‍ಯಾಮಿನಲ್ಲೇ ಉಳಿಯುತ್ತದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಡೆಸ್ಕ್‌ಟಾಪ್ ಇರುವ ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸ್ವಿಚ್ ಯುಪಿಎಸ್ ಮೋಡಿನಲ್ಲಿ ಇದೆಯಾ ನೋಡಿ. ನಾರ್ಮಲ್ ಮೋಡಿನಲ್ಲಿ ಬದಲಾಗುವ ಆ ಕ್ಷಣಕ್ಕೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಸ್ನ್ಯಾಪ್‌ಶಾಟನ್ನು (ವಿಎಂನ ಆ ಕ್ಷಣದ ಸ್ಥಿತಿಯ ದಾಖಲೆ) ಬ್ಯಾಕಪ್ ಅಂತ ನಂಬಬೇಡಿ, ಅದೂ ಅದೇ ಡಿಸ್ಕಿನಲ್ಲಿ ಇರುತ್ತದೆ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಅಪ್ಲಯನ್ಸ್ ಕೊಟ್ಟು ಇಡೀ ವಿಎಂ ಕಟ್ಟಿಟ್ಟ ಒವಿಎ ಫೈಲ್ ಮಾಡಿ, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಡಿ. ಆ ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಂಪೋರ್ಟ್ ಮಾಡಿ, ಡೆಸ್ಕ್‌ಟಾಪ್ ಬರುವ ತನಕ ಒಮ್ಮೆ ಓಡಿಸಿ ನೋಡಿದ ಮೇಲೆಯೇ ಅದನ್ನು ಬ್ಯಾಕಪ್ ಅನ್ನಿ.